ಸಾಲ್ಮನ್‌ಗೆ ಗಾಳ ಹಾಕುವ ಮುಂಚೆ: ಸಿಯಾಟಲ್ ಕಡೆಗೆ ಹೊಸದಾಗಿ ಬಂದವರಿಗೆ

ಇಲ್ಲಿಗೆ ಹೊಸದಾಗಿ ಬಂದ ಕನ್ನಡಿಗರಲ್ಲಿ ಮೀನು ತಿನ್ನುವವರು ಎರಡು ತರ. ಕಾಸ್ಟ್‌ಕೋದಿಂದ ಸಾಲ್ಮನ್ ತಂದು, ಖಾರ ಹಚ್ಚಿ, ರವೆಯಲ್ಲಿ ಹೊರಳಿಸಿ ಹುರಿದು ಸುಮ್ಮನಿರುವವರು ಒಂದು ತರ. ಸೆಪ್ಟೆಂಬರ್‌ನಲ್ಲಿ ಹೈವೇ 2 ಹಿಡಿದು ಹೋಗುವಾಗ ಮನ್ರೋ, ಸುಲ್ತಾನ್ ಹತ್ತಿರ ಸ್ಕೈಕೋಮಿಷ್ ನದಿಯಲ್ಲಿ ಸೊಂಟದ ತನಕ ಇಳಿದು ನಿಂತವರನ್ನು ನೋಡಿ, ಅದೇ ರಾತ್ರಿ ಅಮೆಜಾನ್‌ನಲ್ಲಿ ರಾಡು ಆರ್ಡರ್ ಮಾಡುವವರು ಇನ್ನೊಂದು ತರ. ನಾನು ಬರೆಯುತ್ತಿರುವುದು ಎರಡನೆಯವರಿಗೆ.

ಕಾಗದಪತ್ರದ ವಿಷಯ ಒಂದೇ ಉಸಿರಿಗೆ ಮುಗಿಸುತ್ತೇನೆ. ವಾಷಿಂಗ್ಟನ್ ರಾಜ್ಯದ ಮೀನು ಮತ್ತು ವನ್ಯಜೀವಿ ಇಲಾಖೆಯಿಂದ ಫ್ರೆಶ್‌ವಾಟರ್ ಲೈಸೆನ್ಸ್ ತಗೊಳ್ಳಿ, ಜೊತೆಗೆ ಹಿಡಿದ ಮೀನಿನ ಲೆಕ್ಕ ಬರೆಯುವ ಕ್ಯಾಚ್ ರೆಕಾರ್ಡ್ ಕಾರ್ಡ್ ತಗೊಳ್ಳಿ. ಬಂದು 90 ದಿನ ನೆಲೆಸಿದ್ದರೆ ರೆಸಿಡೆಂಟ್ ದರ. ಲೈಸೆನ್ಸಿನ ವರ್ಷ ಏಪ್ರಿಲ್ 1ಕ್ಕೆ ಶುರುವಾಗಿ ಮಾರ್ಚ್ 31ಕ್ಕೆ ಮುಗಿಯುತ್ತದೆ. 15 ವರ್ಷ ತುಂಬದ ಮಕ್ಕಳಿಗೆ ಲೈಸೆನ್ಸ್ ಬೇಡ, ಆದರೆ ಸಾಲ್ಮನ್ ಹಿಡಿಯುವುದಾದರೆ ಅವರಿಗೂ ಕಾರ್ಡ್ ಬೇಕು. ಅಷ್ಟೇ.

ಕಷ್ಟ ಇರುವುದು ಆಮೇಲೆ. ‘ಇಲ್ಲಿ ಮೀನು ಹಿಡಿಯಬಾರದು’ ಅಂತ ಬೋರ್ಡ್ ಇಲ್ಲದ ಕಡೆ ಹಿಡಿಯಬಹುದು ಅನ್ನುವುದು ನಮ್ಮ ಊರಿನ ಲೆಕ್ಕ. ಸಾಲ್ಮನ್ ಮಟ್ಟಿಗೆ ಇಲ್ಲಿ ಅದು ತಿರುಗುಮುರುಗು. ಓಪನ್ ಅಂತ ನಿಯಮದ ಪುಸ್ತಕದಲ್ಲಿ ಬರೆಯದ ನದಿಗಳೆಲ್ಲ ಸಾಲ್ಮನ್‌ಗೆ ಬಂದ್. ಬೋರ್ಡ್ ಇಲ್ಲ, ಬೇಲಿ ಇಲ್ಲ, ಕಾವಲುಗಾರ ಇಲ್ಲ, ಆದರೂ ಬಂದ್. ಟ್ರೌಟ್ ಮೀನಿಗೆ ತೆರೆದ ನದಿ ಅದೇ ದಿನ ಸಾಲ್ಮನ್‌ಗೆ ಮುಚ್ಚಿರಬಹುದು. ನದಿಯ ಒಂದು ಸೇತುವೆಯ ಕೆಳಗೆ ಓಪನ್, ಮೇಲೆ ಬಂದ್ ಇರಬಹುದು. ಆದ್ದರಿಂದ ‘ಸ್ಕೈಕೋಮಿಷ್ ಓಪನ್ ಆಗಿದೆಯಂತೆ’ ಅಂತ ವಾಟ್ಸಾಪ್ ಗ್ರೂಪಿನಲ್ಲಿ ಯಾರಾದರೂ ಹಾಕಿದರೆ ಅದು ಅರ್ಧ ಸುದ್ದಿ. ಯಾವ ಭಾಗ, ಯಾವ ಜಾತಿ, ಯಾವ ತಾರೀಕಿನಿಂದ ಯಾವ ತಾರೀಕಿಗೆ, ದಿನಕ್ಕೆ ಎಷ್ಟು, ಯಾವುದನ್ನು ಬಿಡಬೇಕು, ಈ ಐದೂ ಗೊತ್ತಾಗದೆ ಮನೆ ಬಿಡಬೇಡಿ.

ಪುಸ್ತಕ ಓದಿ ಬಾಯಿಪಾಠ ಮಾಡಿದರೂ ಸಾಲದು. ಅದು ಜುಲೈ 1ರಿಂದ ಮರುವರ್ಷದ ಜೂನ್ 30ರ ತನಕದ್ದು. ಅಂದರೆ ಲೈಸೆನ್ಸಿನ ವರ್ಷವೇ ಬೇರೆ, ನಿಯಮದ ವರ್ಷವೇ ಬೇರೆ. ನಡುವೆ ಎಮರ್ಜೆನ್ಸಿ ರೂಲ್ ಅಂತ ಒಂದು ಬರುತ್ತದೆ, ಅದು ಬಂದ ಮೇಲೆ ಪುಸ್ತಕದ ಸಾಲಿಗೆ ಬೆಲೆ ಇಲ್ಲ. ಮೊಟ್ಟೆಯಿಂದ ಮರಿ ಮಾಡಿಸಿ ನದಿಗೆ ಬಿಡುವ ಹ್ಯಾಚರಿಗೆ ಬೇಕಾದಷ್ಟು ತಾಯಿಮೀನು ಸಮುದ್ರದಿಂದ ಹಿಂದಿರುಗಿಲ್ಲ ಅಂದರೆ ನದಿ ಮುಚ್ಚುತ್ತಾರೆ, ಎಣಿಸಿದ್ದಕ್ಕಿಂತ ಹೆಚ್ಚು ಬಂದರೆ ಕೆಲವೊಮ್ಮೆ ತೆರೆಯುತ್ತಾರೆ. ಹಿಂದಿನ ರಾತ್ರಿ ನೋಡಿ, ಬೆಳಿಗ್ಗೆ ಕಾಫಿ ಕುಡಿಯುವಾಗ ಇನ್ನೊಮ್ಮೆ ನೋಡಿ. ಇಲಾಖೆಯದೇ ಫಿಶ್ ವಾಷಿಂಗ್ಟನ್ ಅನ್ನುವ ಆಪ್ ಇದೆ, ನದಿದಡಕ್ಕೆ ಹೊರಡುವ ಮುಂಚೆ ತೆರೆದುಕೊಳ್ಳಿ. ಗೋಲ್ಡ್ ಬಾರ್ ದಾಟಿದ ಮೇಲೆ ಸಿಗ್ನಲ್ ನಂಬಬೇಡಿ.

ಇಷ್ಟೊಂದು ಕಟ್ಟುಪಾಡು ಯಾಕೆ ಅಂತ ತಲೆ ಕೆಡಿಸಿಕೊಂಡರೆ ಯಾವ ನಿಯಮವೂ ನೆನಪಿರುವುದಿಲ್ಲ. ಒಂದೇ ಪ್ರಶ್ನೆ ಇಟ್ಟುಕೊಳ್ಳಿ: ಈ ಮೀನು ಯಾರದು?

ಗಾಳಕ್ಕೆ ಸಿಕ್ಕಿದ ಮೀನನ್ನು ನೀರಲ್ಲೇ ಹಿಡಿದು ಅದರ ಬೆನ್ನು ನೋಡಿ. ದೊಡ್ಡ ರೆಕ್ಕೆಗೂ ಬಾಲಕ್ಕೂ ನಡುವೆ, ಬಾಲದ ಕಡೆಗೆ, ಬೆರಳ ತುದಿಯಷ್ಟು ಒಂದು ಮೆತ್ತನೆ ಮಾಂಸದ ರೆಕ್ಕೆ ಇರುತ್ತದೆ. ಅಡಿಪೋಸ್ ಫಿನ್ ಅನ್ನುತ್ತಾರೆ. ಹ್ಯಾಚರಿಯಲ್ಲಿ ಬೆಳೆಸಿದ ಬಹುಪಾಲು ಮರಿಗಳಿಗೆ ಬಿಡುವ ಮುಂಚೆಯೇ ಅದನ್ನು ಕತ್ತರಿಸಿರುತ್ತಾರೆ. ಆ ಜಾಗದಲ್ಲಿ ಹಳೆಯ ಗಾಯ ಮಾಗಿ ನುಣುಪಾಗಿದ್ದರೆ ಹ್ಯಾಚರಿ ಮೀನು, ಹಿಡಿಯುವವರಿಗೆಂದೇ ಬೆಳೆಸಿದ್ದು. ರೆಕ್ಕೆ ಇದ್ದರೆ ನದಿಯಲ್ಲೇ ಹುಟ್ಟಿದ್ದು ಅಂತ ಲೆಕ್ಕ. ಸಿಯಾಟಲ್ ಪಕ್ಕದ ಕಡಲತೋಳು ಪ್ಯೂಜೆಟ್ ಸೌಂಡ್‌ನ ಚಿನೂಕ್ ಜಾತಿಯ ಸಾಲ್ಮನ್ 1999ರಿಂದ ಅಪಾಯದಲ್ಲಿರುವ ಜೀವಿಗಳ ಕೇಂದ್ರ ಕಾನೂನಿನ ರಕ್ಷಣೆಯಲ್ಲಿದೆ. ರೆಕ್ಕೆ ಇರುವ ಚಿನೂಕ್ ಎಷ್ಟೇ ದಪ್ಪವಿದ್ದರೂ ನಿಮ್ಮದಲ್ಲ. ಕೋಹೋ ಅನ್ನುವ ಇನ್ನೊಂದು ಜಾತಿಯ ವಿಷಯ ಬೇರೆ, ಕೆಲವು ನದಿಯಲ್ಲಿ ಕೆಲವು ವರ್ಷ ರೆಕ್ಕೆ ಇದ್ದದ್ದನ್ನೂ ಇಟ್ಟುಕೊಳ್ಳಬಹುದು. ಪಿಂಕ್ ಸಾಲ್ಮನ್ ಈ ಕಡೆ ಬೆಸ ವರ್ಷಗಳಲ್ಲಿ ಮಾತ್ರ ಲಕ್ಷಗಟ್ಟಲೆ ಬರುತ್ತದೆ. 2023, 2025, ಹೀಗೆ.

ಜಾತಿ ಗುರುತಿಸಲು ಬಾಯಿ ತೆರೆದು ನೋಡುವುದೇ ಸುಲಭ. ಹಲ್ಲಿನ ಬುಡದ ವಸಡು ಕಪ್ಪಗಿದ್ದು ಬಾಲದ ಮೇಲೂ ಕೆಳಗೂ ಚುಕ್ಕೆ ಇದ್ದರೆ ಚಿನೂಕ್. ವಸಡು ಬಿಳಿ, ಚುಕ್ಕೆ ಬಾಲದ ಮೇಲ್ಭಾಗದಲ್ಲಿ ಮಾತ್ರ ಅಂದರೆ ಕೋಹೋ. ಬಾಲದ ತುಂಬ ಮೊಟ್ಟೆಯಾಕಾರದ ದೊಡ್ಡ ಚುಕ್ಕೆ ಇದ್ದರೆ ಪಿಂಕ್. ಅನುಮಾನ ಬಂದರೆ ಬಿಟ್ಟುಬಿಡಿ. ಬಿಡಬೇಕಾದ ಸಾಲ್ಮನ್ನನ್ನು ಪೂರ್ತಿ ನೀರಿಂದ ಮೇಲೆತ್ತುವುದೂ ತಪ್ಪು. ಎತ್ತಿ ಹಿಡಿದು ಫೋಟೋ ತೆಗೆಸಿ ಸ್ಟೇಟಸ್ ಹಾಕಿದರೆ ನೀವೇ ಸಾಕ್ಷಿ ಕೊಟ್ಟಂತೆ. ಗಾಳ ಬಾಯೊಳಗೆ ಸಿಗದೆ ಬೆನ್ನಿಗೋ ಬಾಲಕ್ಕೋ ಸಿಕ್ಕಿದ್ದನ್ನೂ ಬಿಡಬೇಕು.

ಇನ್ನು ದೊಡ್ಡ ಪಾಲುದಾರರು, ಇಲ್ಲಿನ ಮೂಲನಿವಾಸಿ ಟ್ರೈಬ್‌ನವರು. ನದಿದಡದಲ್ಲಿ ನಿಂತರೆ ಒಂದು ಗೊಣಗಾಟ ಕಿವಿಗೆ ಬಿದ್ದೇ ಬೀಳುತ್ತದೆ: ‘ನಮಗೆ ಒಂದು ಗಾಳ, ಟ್ರೈಬ್‌ನವರಿಗೆ ಬಲೆ’ ಅಂತ. ನಮ್ಮ ಹುಡುಗರು ಬಂದ ಮೊದಲ ವರ್ಷವೇ ಇದನ್ನು ಕಲಿತು ಗಿಣಿಪಾಠ ಒಪ್ಪಿಸುತ್ತಾರೆ. ನನಗೆ ಅದನ್ನು ಕೇಳಿದರೆ ಮೈ ಉರಿಯುತ್ತದೆ. 1854-55ರಲ್ಲಿ ಇಲ್ಲಿನ ಮೂಲನಿವಾಸಿಗಳು ಅಮೆರಿಕ ಸರ್ಕಾರದ ಜೊತೆ ಒಪ್ಪಂದಗಳಿಗೆ ಸಹಿ ಹಾಕಿ ನೆಲ ಬಿಟ್ಟುಕೊಟ್ಟರು. ತಮ್ಮ ವಾಡಿಕೆಯ ಜಾಗಗಳಲ್ಲಿ ಮೀನು ಹಿಡಿಯುವ ಹಕ್ಕು ಮಾತ್ರ ಇಟ್ಟುಕೊಂಡರು. ಆಮೇಲೆ ನೂರು ವರ್ಷ ಅದೇ ಹಕ್ಕು ಚಲಾಯಿಸಿದ್ದಕ್ಕೆ ಅವರನ್ನೇ ಬಂಧಿಸಿದರು. ನಿಸ್ಕ್ವಾಲಿ ಜನಾಂಗದ ಬಿಲ್ಲಿ ಫ್ರಾಂಕ್ ಜೂನಿಯರ್ ಮೊದಲ ಸಲ ಬಂಧನವಾದದ್ದು 1945ರಲ್ಲಿ, ಆಗ ಅವರಿಗೆ 14 ವರ್ಷ. ಆಮೇಲೆ ಐವತ್ತಕ್ಕೂ ಹೆಚ್ಚು ಸಲ. 1974ರಲ್ಲಿ ಜಡ್ಜ್ ಜಾರ್ಜ್ ಬೋಲ್ಟ್ ತೀರ್ಪು ಕೊಟ್ಟರು: ಹಿಡಿಯಬಹುದಾದ ಮೀನಿನಲ್ಲಿ ಅರ್ಧ ಪಾಲು ಒಪ್ಪಂದದ ಜನಾಂಗಗಳದ್ದು, ನಿರ್ವಹಣೆಯಲ್ಲೂ ಅವರು ಸರ್ಕಾರದ ಸಮಾನ ಪಾಲುದಾರರು. ಕಾವೇರಿ ನೀರಿನ ಟಿಎಂಸಿ ಲೆಕ್ಕ ಕೇಳುತ್ತಾ ಬೆಳೆದ ನಮಗೆ ನದಿಯಲ್ಲಿ ಪಾಲು ಅಂದರೇನು ಅಂತ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಪ್ರತಿ ವರ್ಷ ಫೆಬ್ರವರಿ ಕೊನೆಯಿಂದ ಏಪ್ರಿಲ್ ಮಧ್ಯದ ತನಕ ರಾಜ್ಯದವರೂ ಟ್ರೈಬ್‌ನವರೂ ಕೂತು ಈ ಸಲ ಎಷ್ಟು ಮೀನು ಬರಬಹುದು, ಎಷ್ಟು ಬಿಡಬೇಕು, ಉಳಿದದ್ದು ಯಾರಿಗೆ ಎಷ್ಟು ಅಂತ ಚರ್ಚೆ ಮಾಡುತ್ತಾರೆ. ಅದಕ್ಕೆ ನಾರ್ತ್ ಆಫ್ ಫಾಲ್ಕನ್ ಅಂತ ಹೆಸರು, ಆರೆಗಾನ್ ಕರಾವಳಿಯ ಒಂದು ಭೂಶಿರದಿಂದ ಬಂದದ್ದು. ಸಾರ್ವಜನಿಕರಿಗೂ ಸಭೆಗಳಿವೆ, ಒಮ್ಮೆ ಹೋಗಿ ಕೂತು ಬನ್ನಿ. ನಿಮ್ಮ ಕೈಯಲ್ಲಿರುವ ಪುಸ್ತಕದ ಒಂದು ಸಾಲಿನ ಹಿಂದೆ ಎಷ್ಟು ಜಗಳ ಇದೆ ಅಂತ ತಿಳಿಯುತ್ತದೆ. ಆ ಸಾಲಿನಲ್ಲಿ ಎಲ್ಲರಿಗಿಂತ ಕೊನೆಗೆ ಬಂದು ನಿಂತವರು ನಾವು.

ಇಷ್ಟೆಲ್ಲ ಉಪದೇಶ ಮಾಡುವ ನಾನು ದಂಡ ಕಟ್ಟಿದವನೇ. ಆ ದಿನದ ನನ್ನ ಮಿತಿ ಮುಗಿದಿತ್ತು. ಹೆಂಡತಿಯ ಹೆಸರಲ್ಲೂ ಲೈಸೆನ್ಸ್ ಇತ್ತು. ಅವಳು ಮಡಚುವ ಕುರ್ಚಿಯಲ್ಲಿ ಕೂತು ಚುರುಮುರಿ ಕಲಸುತ್ತಿದ್ದಳು. ಇನ್ನೊಂದು ಮೀನು ನನ್ನ ಗಾಳಕ್ಕೆ ಸಿಕ್ಕಿತು, ಅದನ್ನು ಅವಳ ಕಾರ್ಡಿಗೆ ಬರೆದೆ. ಒಂದು ಮನೆ, ಒಂದು ಒಲೆ, ರೇಷನ್ ಕಾರ್ಡಿನ ಹಾಗೆ ಒಟ್ಟು ಲೆಕ್ಕ ಅನ್ನುವುದು ನನ್ನ ತಲೆಯಲ್ಲಿತ್ತು. ಇಲ್ಲಿ ಒಬ್ಬರ ಮಿತಿಯನ್ನು ಇನ್ನೊಬ್ಬರು ತುಂಬುವ ಹಾಗಿಲ್ಲ. ಗಂಡ ಹೆಂಡತಿಗೂ ಇಲ್ಲ, ಅಪ್ಪ ಮಗನಿಗೂ ಇಲ್ಲ. ಅಧಿಕಾರಿ ಬಂದರು, ಬಹಳ ಮರ್ಯಾದೆಯಿಂದ ಕೂಲರ್ ತೆರೆಸಿದರು, ಇದನ್ನು ಹಿಡಿದವರು ಯಾರು ಅಂತ ಕೇಳಿದರು. ಹೆಂಡತಿ ಬಾಯಿ ತೆರೆಯುವ ಮುಂಚೆ ಮಗ ಹೆಮ್ಮೆಯಿಂದ ‘ಎಲ್ಲ ಅಪ್ಪನೇ ಹಿಡಿದದ್ದು’ ಅಂದ. ಚೀಟಿ ಹರಿದು ಕೊಟ್ಟರು. ವಾಪಸು ಬರುವಾಗ ಬಾಥೆಲ್ ತನಕ ಯಾರೂ ಮಾತಾಡಲಿಲ್ಲ. ಗ್ಯಾರೇಜಿನಲ್ಲಿ ಇಳಿದ ಮೇಲೆ ಹೆಂಡತಿ, ‘ಊರಲ್ಲಿ ಸೈಟು ನನ್ನ ಹೆಸರಿಗೆ ಮಾಡಿ ಅಂದರೆ ಮದುವೆ ಆದಾಗಿಂದ ಮಾಡಿಲ್ಲ, ಕಳ್ಳಮೀನು ಮಾತ್ರ ನನ್ನ ಹೆಸರಿಗೆ’ ಅಂದಳು. ದಂಡಕ್ಕಿಂತ ಅದೇ ಜಾಸ್ತಿ ತಾಗಿತು.

ಮಗನ ಮೇಲೆ ಕೋಪ ಬಂದಿತ್ತು ಅಂತ ಹೇಳಿಕೊಳ್ಳಲು ನಾಚಿಕೆ. ಇಲ್ಲಿನ ಎಷ್ಟೋ ಶಾಲೆಗಳಲ್ಲಿ ತರಗತಿಯ ತೊಟ್ಟಿಯಲ್ಲಿ ಸಾಲ್ಮನ್ ಮೊಟ್ಟೆ ಇಟ್ಟು ಮರಿ ಮಾಡಿಸಿ, ಮಕ್ಕಳ ಕೈಯಿಂದಲೇ ತೊರೆಗೆ ಬಿಡಿಸುತ್ತಾರೆ. ನನಗೆ ನಿಯಮ ಅಂದರೆ ಪುಸ್ತಕ. ಅವನಿಗೆ ಅದು ತನ್ನ ಊರಿನ ನಡಾವಳಿ. ಈಗ ರೆಕ್ಕೆ ಇದೆಯೋ ಇಲ್ಲವೋ ಅಂತ ನನಗಿಂತ ಮೊದಲು ನೋಡುವವನು ಅವನೇ. ನಾನು ತೀರ್ಥಹಳ್ಳಿ ಕಡೆಯವನು. ಮುಂಗಾರು ಶುರುವಾಗಿ ಹಳ್ಳ ಕೆಂಪಾಗಿ ಹರಿಯುವಾಗ ಹೊಳೆಯಿಂದ ಗದ್ದೆಗೆ ಹತ್ತುಮೀನು ಏರುತ್ತಿದ್ದುದನ್ನು, ಅಡ್ಡಕ್ಕೆ ಕೂಣಿ, ಅಂದರೆ ಮೀನು ಹಿಡಿಯಲು ಹೆಣೆದ ಬುಟ್ಟಿ, ಇಟ್ಟು ರಾತ್ರಿಯೆಲ್ಲ ಕಾಯುತ್ತಿದ್ದುದನ್ನು ಅವನಿಗೆ ಹೇಳಿದ್ದೇನೆ. ಅವನು ಕೇಳಿದ್ದು ಒಂದೇ: ‘ಮೊಟ್ಟೆ ಇಡೋಕೆ ಹೋಗ್ತಿದ್ದ ಮೀನನ್ನೇ ಹಿಡಿತಿದ್ರಾ?’ ಹೌದು, ಅದನ್ನೇ. ಮೊಟ್ಟೆ ತುಂಬಿದ್ದರೆ ಇನ್ನೂ ಸಂತೋಷ. ಶೃಂಗೇರಿಯಲ್ಲಿ ತುಂಗೆಯ ಮೀನಿಗೆ ಮಂಡಕ್ಕಿ ಹಾಕಿ ಕೈ ಮುಗಿಯುತ್ತಿದ್ದೆವು, ಊರಿಗೆ ಬಂದು ಕೂಣಿ ಹಾಕುತ್ತಿದ್ದೆವು. ಒಂದು ಕಡೆ ಮುಟ್ಟುವ ಹಾಗೇ ಇಲ್ಲ, ಇನ್ನೊಂದು ಕಡೆ ಕೇಳುವವರೇ ಇಲ್ಲ. ನಿನಗೆ ಎರಡು, ಅವನಿಗೆ ಎರಡು, ಉಳಿದದ್ದು ಹತ್ತಲಿ ಅನ್ನುವ ನಡುವಿನ ಲೆಕ್ಕ ನಮ್ಮ ಹಳ್ಳದಲ್ಲಿ ಯಾರೂ ಇಟ್ಟಿರಲಿಲ್ಲ. ಈಗ ಮೊದಲಿನಷ್ಟು ಹತ್ತುವುದಿಲ್ಲ ಅಂತ ಊರಲ್ಲಿರುವ ನನ್ನ ತಮ್ಮ ಫೋನಿನಲ್ಲಿ ಹೇಳುತ್ತಾನೆ. ಅವನ ಮಕ್ಕಳಿಗೆ ಕೂಣಿ ಹೆಣೆಯಲು ಬರುವುದಿಲ್ಲ, ನನ್ನ ಮಗನಿಗೆ ಕೂಣಿ ಅಂದರೆ ಏನು ಅಂತ ಚಿತ್ರ ಬರೆದು ತೋರಿಸಬೇಕು.

ಕೆಲವು ಮಾತು ಬಿಟ್ಟುಹೋಗಿವೆ. ಮೀನು ಇಟ್ಟುಕೊಂಡ ಕ್ಷಣವೇ ಕಾರ್ಡಿನಲ್ಲಿ ಶಾಯಿಯಿಂದ ಬರೆಯಿರಿ, ಮನೆಗೆ ಹೋಗಿ ಬರೆದರಾಯಿತು ಅನ್ನಬೇಡಿ. ಕಿವಿರು ಕತ್ತರಿಸಿ ರಕ್ತ ಹರಿಸಿ ಐಸಿನಲ್ಲಿಡಿ. ಪಿಂಕ್ ಅಂತೂ ತಡವಾದರೆ ಸಾರಿನಲ್ಲಿ ಹಿಟ್ಟಾಗುತ್ತದೆ. ಆದರೆ ದಡದಲ್ಲೇ ಕೂತು ಸಾರಿಗೆ ತುಂಡು ಮಾಡಬೇಡಿ. ಜಾತಿ, ಉದ್ದ, ರೆಕ್ಕೆಯ ಗುರುತು ತಪಾಸಣೆಯವರಿಗೆ ಕಾಣುವ ಹಾಗೆ ಮೀನು ಇಡಿಯಾಗಿರಬೇಕು. ನಮ್ಮವರ ಗುಂಪು ಕತ್ತಿ, ಮಣೆ, ಅರಿಶಿನ, ಉಪ್ಪು ಸಮೇತ ನದಿಗೆ ಬಂದದ್ದನ್ನು ಕಣ್ಣಾರೆ ನೋಡಿದ್ದೇನೆ. ಹೆಚ್ಚಾದ ಮೀನನ್ನು ಸ್ನೇಹಿತರಿಗೆ ಕೊಡಬಹುದು, ಮಾರುವಂತಿಲ್ಲ. ಜೂನ್‌ನಲ್ಲೂ ನದಿ ಹಿಮ ಕರಗಿದ ನೀರು, ನೀರಿಗಿಳಿಯಲು ವೇಡರ್ ಅನ್ನುವ ಉದ್ದ ಜಲನಿರೋಧಕ ಉಡುಪು ಹಾಕಿದರೆ ಸೊಂಟದ ಬೆಲ್ಟ್ ಬಿಗಿಯಿರಿ, ಈಜು ಬರುತ್ತದೆ ಅನ್ನುವ ಧೈರ್ಯ ಬೇಡ. ಇನ್ನು ಆ ಕಾರ್ಡು, ವರ್ಷ ಮುಗಿದ ಮೇಲೆ ಏಪ್ರಿಲ್ 30ರೊಳಗೆ ಇಲಾಖೆಗೆ ವರದಿ ಒಪ್ಪಿಸಬೇಕು. ಒಂದೂ ಮೀನು ಸಿಗದಿದ್ದರೂ ಒಪ್ಪಿಸಬೇಕು. ಸಿಗಲಿಲ್ಲ ಅನ್ನುವುದೂ ಅವರಿಗೆ ಲೆಕ್ಕವೇ. ಖಾಲಿ ಕಾರ್ಡ್ ಕಳಿಸಲು ನಮ್ಮವರಿಗೆ ಯಾಕೋ ಸಂಕೋಚ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ ಮರೆತುಬಿಡುತ್ತಾರೆ.