ಕೋಳಿ ಮೊಟ್ಟೆ ನಿಲ್ಸಿದ್ರೆ ಗೋಣಿಚೀಲ ಅಲ್ಲ, ಬಲ್ಬ್ ನೋಡಿ

ಡಿಸೆಂಬರ್ ಬಂತು ಅಂದ್ರೆ ಬೆಂಗಳೂರಲ್ಲಿ ಟೆರೇಸ್ ಮೇಲೆ ಕೋಳಿ ಸಾಕೋರದ್ದೆಲ್ಲ ಒಂದೇ ಗೋಳು, ಮೊಟ್ಟೆ ನಿಂತೋಯ್ತು ಅಂತ. ಚಳಿ ಅಂದ್ಕೊಂಡು ಗೂಡಿಗೆ ಗೋಣಿಚೀಲ ಹೊದಿಸ್ತಾರೆ, ಇನ್ನಷ್ಟು ಕತ್ಲೆ ಮಾಡ್ತಾರೆ! ನಮ್ಮೂರ ಚಳಿ ಕೋಳಿಗೆ ಲೆಕ್ಕಕ್ಕಿಲ್ಲ, ಈ ಟೈಮಲ್ಲಿ ಹಗಲು 11.5 ಗಂಟೆನೂ ಇರಲ್ಲ, ಸಮಸ್ಯೆ ಅದು.

ಬೆಳಕು ಕೋಳಿಯ ತಲೆಬುರುಡೆ ದಾಟಿ ನೇರ ಮೆದುಳಿಗೇ ತಾಕುತ್ತೆ. ಹಗಲು ಸಾಕಷ್ಟು ಉದ್ದ ಇದ್ರೆ ಅಲ್ಲಿಂದ ಮೆದುಳಿನ ಬುಡದಲ್ಲಿರೋ ಪಿಟ್ಯುಟರಿ ಗ್ರಂಥಿಗೆ ಸಿಗ್ನಲ್ ಹೋಗಿ ಎಫ್‌ಎಸ್‌ಎಚ್, ಎಲ್‌ಎಚ್ ಅನ್ನೋ ಹಾರ್ಮೋನ್ ಬರುತ್ತೆ, ಅಂಡಾಶಯದಲ್ಲಿ ಹಳದಿ ಉಂಡೆಗಳು ಒಂದರ ಹಿಂದೆ ಒಂದು ಬೆಳೀತವೆ. ಅದ್ರಲ್ಲಿ ಎಲ್ಲಕ್ಕಿಂತ ದೊಡ್ಡ ಉಂಡೆಯಿಂದ ಪ್ರೊಜೆಸ್ಟೆರಾನ್ ಅನ್ನೋ ಇನ್ನೊಂದು ಹಾರ್ಮೋನ್ ಹೊರಬಂದಾಗ ಎಲ್‌ಎಚ್ ಏರುತ್ತೆ, 4ರಿಂದ 6 ಗಂಟೇಲಿ ಹಳದಿ ಕಳಚಿ ಕೆಳಗಿಳಿಯುತ್ತೆ. ಅಲ್ಲಿಂದ ಮೊಟ್ಟೆ ಹೊರಗೆ ಬರಕ್ಕೆ 24ರಿಂದ 26 ಗಂಟೆ, ಅದ್ರಲ್ಲಿ ಸುಮಾರು 20 ಗಂಟೆ ಬರೀ ಚಿಪ್ಪಿಗೇ. ಹಂಗಾಗಿ ದಿನಾ ಸ್ವಲ್ಪ ಸ್ವಲ್ಪ ಲೇಟಾಗ್ತಾ ಹೋಗಿ ಒಂದಿನ ರಜಾ ಹಾಕುತ್ತೆ, ಅದಕ್ಕೆ ಗಾಬರಿ ಬೇಡ.

ಒಟ್ಟು 14ರಿಂದ 16 ಗಂಟೆ ಬೆಳಕು ಸಿಗೋ ಹಂಗೆ ಗೂಡಲ್ಲೊಂದು ಸಣ್ಣ ಎಲ್‌ಇಡಿ ಹಾಕಿ, ಪೇಪರ್ ಓದೋಷ್ಟು ಬೆಳಕಿದ್ರೆ ಸಾಕು. ಬೆಳಗಿನ ಜಾವ ಹೊತ್ತೋ ತರ ಟೈಮರ್ ಇಡಿ, ಯಾಕಂದ್ರೆ ರಾತ್ರಿ ಫಟ್ ಅಂತ ಲೈಟ್ ಆರಿದ್ರೆ ಅವು ಕೂರೋ ಕೋಲು ಸಿಗದೆ ಒದ್ದಾಡ್ತವೆ. ವಾರಕ್ಕೆ ಅರ್ಧರ್ಧ ಗಂಟೆ ಏರಿಸಿ. ಇನ್ನೂ ಮೊಟ್ಟೆಗೆ ಬರದ ಹ್ಯಾಟೆಗೆ ಮಾತ್ರ ಈ ಸರ್ಕಸ್ ಬೇಡ, ಮೈ ಬಲಿಯೋ ಮುಂಚೆ ಇಡಕ್ಕೆ ಶುರು ಮಾಡಿದ್ರೆ ಮೊಟ್ಟೆ ಬರೋ ನಾಳ ಹಿಂಭಾಗದಿಂದ ಹೊರಗೆ ಬಂದ್ಬಿಡೋ ಅಪಾಯ ಇದೆ. ಪುಕ್ಕ ಉದುರಿಸ್ತಿರೋದನ್ನೂ ಅದ್ರ ಪಾಡಿಗೆ ಬಿಡಿ.

ಚಿಪ್ಪು ಕಟ್ಟೋ ಕೆಲಸ ಹೆಚ್ಚಾಗಿ ರಾತ್ರಿ ನಡೆಯೋದು, ಅದಕ್ಕೆ ಶೆಲ್ ಗ್ರಿಟ್ಟನ್ನ (ಕಪ್ಪೆಚಿಪ್ಪಿನ ಪುಡಿ) ಸಂಜೆ ಬೇರೆ ತಟ್ಟೇಲಿಡಿ. ಒಂದು ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಹೋಗುತ್ತೆ, ಕೊಡ್ಲಿಲ್ಲ ಅಂದ್ರೆ ಮೂಳೆಯಿಂದಾನೇ ಕಿತ್ಕೊಳ್ಳುತ್ತೆ ಪಾಪ.

ನಾಟಿ ಕೋಳಿ ಗೂಡು ಬಿಟ್ಟು ಏಳದೆ, ಕೈ ಹಾಕಿದ್ರೆ ಗುರ್ ಅಂತ ಪುಕ್ಕ ಉಬ್ಬಿಸಿದ್ರೆ ಕಾವಿಗೆ ಕೂತಿದೆ ಅಂತ, ಕಾವಿಗೆ ಕೂರಿಸೋ ಪ್ರೊಲ್ಯಾಕ್ಟಿನ್ ಹಾರ್ಮೋನ್ ಏರಿ ಮೊಟ್ಟೆ ಬಂದ್ ಆಗಿರುತ್ತೆ. ಮರಿ ಬೇಡ ಅಂದ್ರೆ ತಳದಲ್ಲಿ ತಂತಿಜಾಲರಿ ಇರೋ ಪಂಜರದಲ್ಲಿ ಎರಡು ಮೂರು ದಿನ ಬಿಡಿ, ನೀರು ಮೇವು ಅಲ್ಲೇ, ಹೊಟ್ಟೆಗೆ ತಣ್ಣಗೆ ಗಾಳಿ ತಾಕಿದ್ರೆ ಕಾವು ಇಳಿಯುತ್ತೆ.

ಇನ್ನು ಮೊಟ್ಟೆ. ದಿನಾ ಎತ್ಕೊಳ್ಳಿ, ತೊಳೀಬೇಡಿ, ಚಿಪ್ಪಿನ ಮೇಲಿರೋ ತೆಳು ಪೊರೆನೇ ಕ್ರಿಮಿ ತಡೆಯೋದು. ಹಿಕ್ಕೆ ಅಂಟಿದ್ರೆ ಒಣ ಬಟ್ಟೇಲಿ ಉಜ್ಜಿ. ತೊಳೀಲೇಬೇಕು ಅಂದ್ರೆ ಮೊಟ್ಟೆಗಿಂತ ಬೆಚ್ಚಗಿರೋ ನೀರಲ್ಲಿ ತೊಳೆದು ತಕ್ಷಣ ಒರೆಸಿ ಬೇಗ ಬಳಸಿ, ತಣ್ಣೀರಲ್ಲಿ ಒಳಗಿಂದು ಕುಗ್ಗಿ ಕೊಳೆನ ಒಳಕ್ಕೆ ಎಳ್ಕೊಳ್ಳುತ್ತೆ. ದಪ್ಪ ತುದಿ ಮೇಲೆ ಇರ್ಲಿ. ಫ್ರಿಜ್ ಬಾಗಿಲಲ್ಲಿ ಬೇಡ, ಒಳಗಿನ ತಟ್ಟೇಲಿಡಿ. ಬಿರುಕು ಬಿಟ್ಟಿದ್ರೆ ಅವತ್ತೇ ಚೆನ್ನಾಗಿ ಬೇಯಿಸಿ ತಿನ್ನಿ. ಬೇಯಿಸಿ ಸಿಪ್ಪೆ ಬಿಡಿಸೋಕೆ ವಾರದ ಹಿಂದಿನ ಮೊಟ್ಟೆನೇ ಬೆಸ್ಟು, ಇವತ್ತಿಟ್ಟಿದ್ದನ್ನ ಆಮ್ಲೆಟ್ಟಿಗೆ ಹಾಕಿ.