ಅರ್ಧ ಇಂಚು ಅಂದ್ರೆ ಯಾವ ಅರ್ಧ ಇಂಚು?

ಹಿತ್ತಲಲ್ಲಿ ಮಜ್ಜಿಗೆ ಹುಲ್ಲು ಸೊಂಟದೆತ್ತರ ಬೆಳೆದಿತ್ತು. ಟೀಗೆ ಹಾಕಿ ಹಾಕಿ ಮನೆಯವರಿಗೂ ಸಾಕಾಗಿತ್ತು. ಎಣ್ಣೆ ಇಳಿಸೋಣ ಅಂತ 15 ಲೀಟರಿನ ಸ್ಟೀಲ್ ಹಾಲಿನ ಕ್ಯಾನು, ಮೂರು ಮೀಟರ್ ತಾಮ್ರದ ಟ್ಯೂಬು, ಒಂದು ಬಕೆಟ್ಟು ಹೊಂದಿಸಿಕೊಂಡೆ. ಕ್ಯಾನಿನಲ್ಲಿ ನೀರು, ಹುಲ್ಲು ಕುದಿಯಬೇಕು. ಹಬೆ ಬಕೆಟ್ಟಿನ ತಣ್ಣೀರಲ್ಲಿ ಮುಳುಗಿದ ಸುರುಳಿಯೊಳಗೆ ತಣಿದು ಹನಿಯಬೇಕು. ಇಷ್ಟೇ. ಆದರೆ ಎರಡು ದಿನ ತಿಂದದ್ದು ಕ್ಯಾನಿಗೂ ಟ್ಯೂಬಿಗೂ ನಡುವಿನ ಮೂರು ಇಂಚು ಜಾಗ.

ಎಣ್ಣೆ ಅಂದರೆ ಆ ಎಣ್ಣೆ ಅಲ್ಲ, ಸುಗಂಧದ ಎಣ್ಣೆ. ನಮ್ಮಲ್ಲಿ 2007ರಲ್ಲೇ ಸಾರಾಯಿ ನಿಂತಿದೆ. ಪರವಾನಗಿ ಇಲ್ಲದೆ ಕಾಯಿಸುವುದು ಮಾತ್ರವಲ್ಲ, ಕಾಯಿಸಲೆಂದು ಸಾಮಾನು ಇಟ್ಟುಕೊಳ್ಳುವುದೂ 1965ರ ಅಬಕಾರಿ ಕಾಯ್ದೆ ಪ್ರಕಾರ ಅಪರಾಧ. ಪಕ್ಕದ ಮನೆಯವರು ಇಣುಕಿ ನೋಡಿದರೆ ಹುಲ್ಲು ತೋರಿಸಿ.

ಈಗ ಮುಖ್ಯ ಕಥೆ. ದಾವಣಗೆರೆ ಪೇಟೆಯಲ್ಲಿ ಪೈಪಿನ ಅಂಗಡಿ, ಫ್ರಿಜ್-ಎಸಿ ಸಾಮಾನಿನ ಅಂಗಡಿ ಎರಡಕ್ಕೂ ಹೋಗಿ 'ಅರ್ಧ ಇಂಚು ಕೊಡಿ' ಅನ್ನಿ. ಎರಡು ಬೇರೆ ಬೇರೆ ಸಾಮಾನು ಕೈಗೆ ಬರುತ್ತವೆ. ಅರ್ಧ ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪಿನ ಹೊರಮೈ 21.3 ಮಿ.ಮೀ. ಬಿಸಿನೀರಿಗೆ ಹಾಕುವ ಪ್ಲಾಸ್ಟಿಕ್ ಪೈಪು, ಸಿಪಿವಿಸಿಯದು ಸುಮಾರು 15.9. ಎಸಿಗೆ ಹಾಕುವ ತಾಮ್ರದ ಟ್ಯೂಬು ಮಾತ್ರ ನಿಜಕ್ಕೂ ಅರ್ಧ ಇಂಚು, 12.7. ಕಬ್ಬಿಣದ ಪೈಪಿಗೆ ಒಳಗಿನ ತೂತಿನ ಲೆಕ್ಕದಲ್ಲಿ ಹೆಸರು ಬಂತು, ಎಸಿಯವರು ಹೊರಮೈ ಅಳೆಯುತ್ತಾರೆ. ಅಂಗಡಿಯವರು ಸುಳ್ಳು ಹೇಳುತ್ತಿಲ್ಲ, ಅವರವರ ಲೆಕ್ಕ ಅವರದು. ಅದಕ್ಕೇ ಬಾಯಿಮಾತಿನಲ್ಲಿ ಕೇಳಬೇಡಿ, ಸಾಮಾನನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ.

ನಾನು ಬಿದ್ದದ್ದು ಇನ್ನೊಂದು ಹಳ್ಳಕ್ಕೆ. ನನ್ನ ಟ್ಯೂಬು 3/8 ಇಂಚಿನದು. ಅದರ ಫ್ಲೇರ್ ಫಿಟ್ಟಿಂಗಿಗೆ (ಟ್ಯೂಬಿನ ತುದಿ ಅಗಲಿಸಿ ನಟ್ಟಿನಿಂದ ಬಿಗಿಯುವ ಜೋಡಣೆ) ಅದೇ ಅಳತೆಯ ನಲ್ಲಿ ಪೈಪಿನ ಸಾಕೆಟ್ ತಂದೆ. ಎರಡು ಸುತ್ತು ಹೋಯಿತು, ಆಮೇಲೆ ಬಿಗಿಯಾಯಿತು. ಸರಿಯಾಗಿ ಕೂತಿದೆ ಅಂದುಕೊಂಡೆ! ಒಲೆ ಹಚ್ಚಿದರೆ ಹಬೆ ಎಲ್ಲಾ ಅಲ್ಲೇ ಹೊರಗೆ. ಆ ಅಳತೆಯಲ್ಲಿ ಫ್ಲೇರ್ ಥ್ರೆಡ್ (ತಿರುಪಿನ ಗೆರೆ) 15.9 ಮಿ.ಮೀ., ಇಂಚಿಗೆ 18 ಸುತ್ತು. ನಲ್ಲಿ ಥ್ರೆಡ್ 16.7 ಮಿ.ಮೀ., ಇಂಚಿಗೆ 19 ಸುತ್ತು. ನೋಡಲು ಅವಳಿಜವಳಿ, ಕೂಡಿ ಬಾಳುವುದಿಲ್ಲ. ಕೈಯಲ್ಲೇ ನಾಲ್ಕು ಸುತ್ತು ಸಲೀಸಾಗಿ ಹೋಗದಿದ್ದರೆ ಸ್ಪ್ಯಾನರ್ ಎತ್ತಬೇಡಿ.

ಟೆಫ್ಲಾನ್ ಟೇಪ್ ಸುತ್ತಿದರೆ ಆಗಲ್ವಾ? ಆಗುವುದಿಲ್ಲ. ಜೋಡಣೆ ಎಲ್ಲಿ ಸೋರಿಕೆ ತಡೆಯುತ್ತದೆ ಅಂತ ಮೊದಲು ನೋಡಬೇಕು. ನಲ್ಲಿ ಫಿಟ್ಟಿಂಗಿನಲ್ಲಿ ಥ್ರೆಡ್ಡೇ ಸೋರಿಕೆ ತಡೆಯುತ್ತದೆ, ಅಲ್ಲಿ ಟೇಪ್ ಬೇಕು. ಫ್ಲೇರಿನಲ್ಲಿ ತಡೆಯುವುದು ಟ್ಯೂಬಿನ ತುದಿಯ ಅಗಲಿಸಿದ ಬಾಯಿ. ಥ್ರೆಡ್ ಅದನ್ನು ಒತ್ತಿ ಹಿಡಿಯುತ್ತದೆ, ಅಷ್ಟೇ. ಅಲ್ಲಿಗೆ ಟೇಪ್ ದಂಡ.

ಕೊನೆಗೆ ಕೂಡಿಸಿದ್ದು ಹೀಗೆ. ಕ್ಯಾನಿನ ಮುಚ್ಚಳಕ್ಕೆ ತೂತು ಕೊರೆಸಿ ಅರ್ಧ ಇಂಚಿನ ಸ್ಟೀಲ್ ಟ್ಯಾಂಕ್ ನಿಪ್ಪಲ್ (ತೂತಿಗೆ ಬಿಗಿಯುವ ಥ್ರೆಡ್ ಇರುವ ತುಂಡು ಪೈಪು) ಕೂರಿಸಿ. ರಬ್ಬರ್ ವಾಷರ್ ಬೇಡ, ಹುಲ್ಲಿನ ಎಣ್ಣೆಗೆ ಉಬ್ಬಿಕೊಳ್ಳುತ್ತದೆ. ಟೆಫ್ಲಾನ್ ವಾಷರ್ ಹಾಕಿ. ನಿಪ್ಪಲ್ ಮೇಲೆ ಯೂನಿಯನ್ ಹಾಕಿ, ಆಗ ತೊಳೆಯಲು ಬಿಚ್ಚಬಹುದು. ಯೂನಿಯನ್ನಿನ ಮೇಲ್ಬಾಯಿಗೆ ಒಂದು ಕಡೆ ಅರ್ಧ ಇಂಚಿನ ಥ್ರೆಡ್, ಇನ್ನೊಂದು ಕಡೆ ಫ್ಲೇರ್ ಇರುವ ಹಿತ್ತಾಳೆ ಅಡಾಪ್ಟರ್. ಎಸಿ ಅಂಗಡಿಯ ಅಡಾಪ್ಟರಿಗೆ ಕೆಲವೊಮ್ಮೆ ಅಮೆರಿಕದ ಅಳತೆಯ ಎನ್‌ಪಿಟಿ ಥ್ರೆಡ್ ಇರುತ್ತದೆ. ಅರ್ಧ ಇಂಚಿನಲ್ಲಿ ಅದಕ್ಕೂ ನಮ್ಮ ನಲ್ಲಿಗಳ ಬಿಎಸ್‌ಪಿಗೂ ಇಂಚಿಗೆ 14 ಸುತ್ತೇ, ಥ್ರೆಡ್ಡಿನ ಕೋನ ಬೇರೆ. ಒತ್ತಡವಿಲ್ಲದ ಈ ಕೆಲಸಕ್ಕೆ ಟೇಪ್ ಜೊತೆ ನಡೆಯುತ್ತದೆ. ಟೇಪನ್ನು ತುದಿ ಕಡೆಯಿಂದ ನೋಡಿ ಗಡಿಯಾರದ ಮುಳ್ಳಿನಂತೆ ಸುತ್ತಿ, ಇಲ್ಲದಿದ್ದರೆ ತಿರುಗಿಸುವಾಗ ಬಿಚ್ಚಿಕೊಳ್ಳುತ್ತದೆ.

ಟ್ಯೂಬಿನ ಬಾಯಿ ಅಗಲಿಸುವ ಮುಂಚೆ ಫ್ಲೇರ್ ನಟ್ಟನ್ನು ಟ್ಯೂಬಿಗೆ ತೂರಿಸಿಡಿ. ಇದನ್ನು ಮರೆಯದವರು ಯಾರೂ ಇಲ್ಲ. ನಾನಂತೂ ಎರಡು ಸಲ ಮರೆತು, ಎರಡು ಸಲ ತುದಿ ಕತ್ತರಿಸಿದೆ.

ಸಿಪಿವಿಸಿ ತುಂಡು ಮನೆಯಲ್ಲಿ ಬಿದ್ದಿದೆ ಅಂತ ನಡುವೆ ಹಾಕಬೇಡಿ, ಕುದಿಯುವ ಹಬೆಗೆ ಮೆತ್ತಗಾಗುತ್ತದೆ. ಎಂ-ಸೀಲ್ ಮೆತ್ತುವುದೂ ಬೇಡ. ಬೆಸುಗೆ ಹಾಕಿಸುವುದಾದರೆ ಸೀಸ ಇಲ್ಲದ್ದನ್ನೇ ಕೇಳಿ.

ಮುಚ್ಚಳದ ಸುತ್ತ ಗೋಧಿ ಹಿಟ್ಟಿನ ಕಣಕ ಮೆತ್ತಿ. ಜೋಳದ ಹಿಟ್ಟು ನಮ್ಮೂರಿನದೇ ಆದರೂ ಅದಕ್ಕೆ ಜಿಗುಟಿಲ್ಲ, ಒಣಗಿ ಬಿರಿಯುತ್ತದೆ. ಕಣಕದಿಂದ ಇನ್ನೊಂದು ಲಾಭವಿದೆ. ದಾರಿ ಕಟ್ಟಿಕೊಂಡರೆ ಮೊದಲು ಬಿಡುವುದು ಅದೇ. ಹಾಗಂತ ಅದನ್ನೇ ನಂಬಿ ಕೂರಬೇಡಿ. ಮುಚ್ಚಳಕ್ಕೆ ಕ್ಲಾಂಪ್ ಹಾಕಬೇಡಿ, ಹೊರಬಾಯಿಗೆ ವಾಲ್ವ್ ಬೇಡವೇ ಬೇಡ, ನಿಪ್ಪಲ್ ಕೆಳಗೆ ಸ್ಟೀಲ್ ಜಾಲರಿ ಇರಲಿ. ಟ್ಯೂಬಿನ ತುದಿ ಹನಿ ಹಿಡಿಯುವ ಬಾಟಲಿಯ ನೀರಿನಲ್ಲಿ ಮುಳುಗಿರಬಾರದು. ಒಲೆ ಆರಿಸಿದಾಗ ನೀರು ಹಿಂದಕ್ಕೆ ಎಳೆದುಕೊಳ್ಳುತ್ತದೆ.

ಮೊದಲ ಸಲ ಬರೀ ನೀರು ಕಾಯಿಸಿ. ಜೋಡಣೆಯ ಹತ್ತಿರ ತಣ್ಣನೆ ಚಮಚ ಹಿಡಿದರೆ, ಸೋರುವಲ್ಲಿ ಬೆವರುತ್ತದೆ. ಕೈ ಹಿಡಿದು ನೋಡಬೇಡಿ.

ಏಪ್ರಿಲ್ ಬಿಸಿಲಲ್ಲಿ ಟ್ಯಾಂಕಿನ ನೀರೇ ಬಿಸಿ, ಬೆಳಗ್ಗೆ ಬೇಗ ಶುರು ಮಾಡಿ. ಬಕೆಟ್ಟಿಗೆ ತಣ್ಣೀರು ತಳದಿಂದ ಬರಲಿ, ಬಿಸಿಯಾದದ್ದು ಮೇಲಿಂದ ಹೋಗಲಿ. ಎರಡು ಕೆಜಿ ಹುಲ್ಲಿಗೆ ಹೆಚ್ಚೆಂದರೆ ಒಂದು ಟೀ ಚಮಚದ ಆಸುಪಾಸು ಎಣ್ಣೆ ನೀರಿನ ಮೇಲೆ ತೇಲುತ್ತದೆ. ಕೆಳಗಿನ ನೀರೂ ಘಮ ಘಮ, ನೆಲ ಒರೆಸಲು ಇಟ್ಟುಕೊಳ್ಳಿ. ಆ ಕ್ಯಾನಿಗೆ ಮಾತ್ರ ಇನ್ನು ಹಾಲು ಹಾಕುವಂತಿಲ್ಲ. ಮೂರು ಸಲ ತೊಳೆದರೂ ವಾಸನೆ ಹೋಗಿಲ್ಲ ಅಂತ ಮನೆಯವರು ಈಗಲೂ ಹೇಳುತ್ತಿರುತ್ತಾರೆ.