ಮಗುವಿಗೊಬ್ಬ ಗೆಳೆಯ: ಮನೆಯ ಜಗಲಿಯಿಂದಲೇ ಆರಂಭಿಸಿ

ಕಾಸರಗೋಡಿನ ಮಕ್ಕಳಿಗೆ ಮನೆಯಲ್ಲಿ ತುಳುವೋ ಹವ್ಯಕವೋ ಬ್ಯಾರಿಯೋ, ತರಗತಿಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ. ಮನೆಯಲ್ಲಿ ಅರಳು ಹುರಿದಂತೆ ಮಾತನಾಡುವ ಮಗು ಜೂನ್‌ನಲ್ಲಿ ಶಾಲೆ ತೆರೆದಾಗ ಮೈದಾನದ ಅಂಚಿನಲ್ಲಿ ಸುಮ್ಮನೆ ನಿಂತರೆ, ಧೈರ್ಯವಿಲ್ಲವೆಂದು ತೀರ್ಮಾನಿಸಬೇಡಿ. ಎಷ್ಟೋ ಸಲ ಆ ಹೊತ್ತಿಗೆ ಬೇಕಾದ ಒಂದು ವಾಕ್ಯ ಅದಕ್ಕೆ ಗೊತ್ತಿರುವುದಿಲ್ಲ, ಅಷ್ಟೆ.

ಮೊದಲು ಆ ವಾಕ್ಯವನ್ನು ಮಲಯಾಳದಲ್ಲಿ ಕಲಿಸಿ. ‘ಞಾನುಂ ಕೂಡಟ್ಟೆ?’ ಅಂದರೆ ‘ನಾನೂ ಸೇರಲೇ?’ ನೀವು ಆಟವಾಡುತ್ತಿರುವ ಮಗುವಾಗಿ, ನಿಮ್ಮ ಮಗು ಬಂದು ಕೇಳಲಿ. ಒಮ್ಮೆ ‘ಬಾ’ ಎನ್ನಿ, ಇನ್ನೊಮ್ಮೆ ‘ಈಗ ಬೇಡ’ ಎನ್ನಿ. ಬೇಡವೆಂದಾಗ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಬಹುದು, ಒಂಟಿಯಾಗಿ ನಿಂತ ಬೇರೊಂದು ಮಗುವಿನ ಬಳಿ ಹೋಗಬಹುದು. ಇದನ್ನೂ ಮನೆಯಲ್ಲೇ ಆಡಿ ನೋಡಿದರೆ ಶಾಲೆಯಲ್ಲಿ ಮನಸ್ಸಿಗೆ ಪೆಟ್ಟು ಕಡಿಮೆ.

ಆಮೇಲೆ ಒಂದೇ ಒಂದು ಮಗುವನ್ನು ಮನೆಗೆ ಕರೆಯಿರಿ. ಹುಟ್ಟುಹಬ್ಬದ ಗದ್ದಲದಲ್ಲಿ ಗೆಳೆತನ ಮೊಳೆಯುವುದು ಕಷ್ಟ. ಶನಿವಾರ ಸಂಜೆ ಒಂದು ಗಂಟೆ ಸಾಕು. ಮೊಬೈಲ್ ಒಳಗಿರಲಿ. ಹೆಚ್ಚು ಮಾತು ಬೇಡದ ಆಟವಿದ್ದರೆ ಭಾಷೆಯ ಅಂಜಿಕೆ ಹಿಂದೆ ಸರಿಯುತ್ತದೆ. ಚೆನ್ನೆಮಣೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ಎರಡು ಸಾಲು, 14 ಗುಳಿ, ಇಬ್ಬರೇ ಆಟಗಾರರು. ಸರದಿ ಕಾಯುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಅದು ತುಳುವರ ಮಳೆಗಾಲದ ಆಟಿ ತಿಂಗಳ ಆಟವೆಂದು ಅಜ್ಜಿ ಹೇಳಿದರೆ ಆಟಿಯ ಮಳೆಯಲ್ಲೇ ಮಣೆ ಇಳಿಸಿ. ಮಗುವಿಗೆ ಪ್ರಾಣವಾದ ಆಟಿಕೆಯನ್ನು ಮೊದಲೇ ಎತ್ತಿಡಿ. ಹಂಚಿಕೊಳ್ಳುವ ಪರೀಕ್ಷೆ ಮೊದಲ ದಿನವೇ ಬೇಡ. ಮಕ್ಕಳು ಸಂತೋಷದಲ್ಲಿರುವಾಗಲೇ ಆಟ ಮುಗಿಸಿದರೆ ಮುಂದಿನ ವಾರಕ್ಕೂ ಆಸೆ ಉಳಿಯುತ್ತದೆ.

ಜಗಳ ಬಂದೇ ಬರುತ್ತದೆ. ನನ್ನ ಮಗಳು ಗೆಳತಿಯೊಡನೆ ಜಗಳವಾಡಿ ಅಳುತ್ತ ಬಂದಾಗ ನಾನೇ ಓಡಿಹೋಗಿ ನ್ಯಾಯ ಹೇಳಿದ್ದೆ. ಆ ಇಬ್ಬರು ಹುಡುಗಿಯರು ವಾರವಿಡೀ ಮಾತು ಬಿಟ್ಟರು. ಈಗ ಮೊದಲು ಪೂರ್ತಿ ಕೇಳಿಸಿಕೊಳ್ಳುತ್ತೇನೆ, ಆಮೇಲೆ ‘ನೀನೀಗ ಏನು ಮಾಡಬೇಕೆಂದಿದ್ದೀ?’ ಎನ್ನುತ್ತೇನೆ. ದಾರಿ ಹೆಚ್ಚಾಗಿ ಅವಳೇ ಹುಡುಕುತ್ತಾಳೆ. ಆದರೆ ದಿನವೂ ಅಣಕ, ಹೊಡೆತ, ಶಾಲೆಯೆಂದರೆ ಹೊಟ್ಟೆನೋವು ಎಂದಾದರೆ ಅದು ಮಕ್ಕಳ ಜಗಳವಲ್ಲ. ತಡಮಾಡದೆ ತರಗತಿ ಅಧ್ಯಾಪಕರನ್ನು ಕಾಣಿರಿ. ಮಕ್ಕಳ ಸಹಾಯವಾಣಿ 1098 ಕೂಡ ಇದೆ, ಕರೆ ಉಚಿತ.

ನೆಂಟರು ಹೆಸರು ಕೇಳಿದಾಗ ‘ಇವಳಿಗೆ ನಾಚಿಕೆ’ ಎಂದು ನೀವೇ ಉತ್ತರಿಸಬೇಡಿ. ಮನಸ್ಸಿನಲ್ಲೇ ಐದರವರೆಗೆ ಎಣಿಸಿ, ಕಾಯಿರಿ.

ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನಕ್ಕೂ ಕನ್ನಡ ಕಂಠಪಾಠಕ್ಕೂ ಸ್ಥಾನವಿದೆ. ಮಗುವಿಗೆ ಮನಸ್ಸಿದ್ದರೆ ಯಕ್ಷಗಾನದ ತಂಡಕ್ಕೆ ಸೇರಿಸಿ. ಒಟ್ಟಿಗೆ ಹೆಜ್ಜೆ ತಪ್ಪಿ, ಒಟ್ಟಿಗೆ ತಿದ್ದಿಕೊಳ್ಳುವವರು ಬೇಗ ಗೆಳೆಯರಾಗುತ್ತಾರೆ. ಅಭ್ಯಾಸ ಮುಗಿಸಿ ಬಂದಾಗ ಪಾತ್ರ ಯಾವುದು ಸಿಕ್ಕಿತೆಂದು ಕೇಳುವ ಮೊದಲು ಇಂದು ಯಾರ ಪಕ್ಕ ಕುಳಿತೆ ಎಂದು ಕೇಳಿ.